ಲ್ಯಾಪ್‌ಟಾಪಿನೊಳಗೆ ಜಾರುವ ಸ್ವರ

ತುಮಕೂರಿನ ಶಿರಾ ಗೇಟ್ ದಾಟಿ ಹಳೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೂ ಸರಿ, ಪಶ್ಚಿಮಕ್ಕೆ ಗುಬ್ಬಿಯ ಕಡೆಗೋ ದಕ್ಷಿಣಕ್ಕೆ ಕುಣಿಗಲ್ ಕಡೆಗೋ ತಿರುಗಿದರೂ ಸರಿ, ಜಾತ್ರೆಯ ಕಾಲದಲ್ಲಿ ಯಾವುದಾದರೊಂದು ಊರಿನಲ್ಲಿ ‘ಕುರುಕ್ಷೇತ್ರ’ ನಾಟಕದ ಸೀನರಿ ಕಟ್ಟಿರುತ್ತಾರೆ. ದುರ್ಯೋಧನನ ಪಾತ್ರಧಾರಿ ಹಗಲು ಹೊಲದಲ್ಲೋ ಅಂಗಡಿಯಲ್ಲೋ ದುಡಿದವನು. ರಾತ್ರಿ ಕಿರೀಟ ಇಟ್ಟು ಕಂದಪದ್ಯ ಎತ್ತಿದನೆಂದರೆ ಮೇಲಿನ ಷಡ್ಜಕ್ಕೆ ನೇರವಾಗಿ ಹೋಗುವುದಿಲ್ಲ. ಪಂಚಮದಿಂದ ಹೊರಟು, ನಡುವಿನ ದಾರಿಯನ್ನೆಲ್ಲ ಸವರಿಕೊಂಡು, ಗಂಟಲನ್ನು ಮೇಲಕ್ಕೆಳೆದು, ಷಡ್ಜಕ್ಕೆ ಬಂದು ನಿಲ್ಲುತ್ತಾನೆ. ಕುರ್ಚಿಯಲ್ಲಿ ಕೂತವರು ಶಿಳ್ಳೆ ಹೊಡೆಯುವುದು ಷಡ್ಜ ಮುಟ್ಟಿದ್ದಕ್ಕಿಂತ ಹೆಚ್ಚಾಗಿ ಅಲ್ಲಿಗೆ ಹೋದ ಆ ಎಳೆತಕ್ಕೆ.

ರಂಗದ ಪಕ್ಕದಲ್ಲಿ ಕೂತ ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ ಆ ಎಳೆತ ಬರುವುದಿಲ್ಲ. ಅವರ ಪೆಟ್ಟಿಗೆಯಲ್ಲಿ ಪಂಚಮಕ್ಕೊಂದು ಮನೆ, ಧೈವತಕ್ಕೊಂದು, ನಿಷಾದಕ್ಕೊಂದು, ಷಡ್ಜಕ್ಕೊಂದು. ಒಂದೊಂದು ಮನೆಗೂ ಒಂದೊಂದು ಹಿತ್ತಾಳೆಯ ನಾಲಗೆ. ಆ ನಾಲಗೆ ಎಷ್ಟು ಉದ್ದವೋ ಅದೇ ಅದರ ಸ್ವರ, ಅದರಾಚೆಗೆ ಅದು ಅಲುಗದು. ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೈನ್ 1842ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಭಾರತಕ್ಕೆ ಬಂದು ನಾಟಕ, ಭಜನೆ, ಕೀರ್ತನೆಗಳನ್ನೆಲ್ಲ ಆವರಿಸಿಕೊಂಡಿತು. ಆದರೆ ಇದರಲ್ಲಿ ಸ್ವರವನ್ನು ಜಾರಿಸಿ ತೂಗಿಸುವ ಗಮಕ ಹುಟ್ಟುವುದಿಲ್ಲ ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತು. ಆ ಆಕ್ಷೇಪ ಎಷ್ಟು ಬಲವಾಗಿತ್ತೆಂದರೆ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ತನ್ನ ಕೇಂದ್ರಗಳಿಂದ ಹಾರ್ಮೋನಿಯಮ್ಮನ್ನೇ ಹೊರಗಿಟ್ಟಿತು. ನಿರ್ಬಂಧ ಸಡಿಲವಾಗಲು ಮೂರು ದಶಕ ಬೇಕಾಯಿತು.

ರೇಡಿಯೊ ಹೊರಗಿಟ್ಟರೂ ರಂಗಭೂಮಿ ಕೈಬಿಡಲಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಿಂದಲೇ ನಾಡೆಲ್ಲ ಗುರುತಿಸಿದ ಚನ್ನಬಸವೇಶ್ವರ ನಾಟಕ ಕಂಪನಿಯಂಥವು ಬೆಳೆದದ್ದೇ ಹಾಡುವ ನಟರಿಂದ, ಅವರ ಬೆನ್ನಿಗಿದ್ದ ಹಾರ್ಮೋನಿಯಂನಿಂದ. ಇದು ಸಾಧ್ಯವಾದದ್ದು ಹೇಗೆ? ಜಾರುವ ಕೆಲಸವನ್ನು ನಟನ ಗಂಟಲು ವಹಿಸಿಕೊಂಡಿತ್ತು. ಪೆಟ್ಟಿಗೆ ಶ್ರುತಿ ಹಿಡಿದು, ನಿಲ್ದಾಣಗಳನ್ನು ತೋರಿಸಿಕೊಟ್ಟರೆ ಸಾಕಾಗಿತ್ತು. ಒಳ್ಳೆಯ ಮೇಷ್ಟ್ರುಗಳು ಅಷ್ಟಕ್ಕೂ ಸುಮ್ಮನಾಗಲಿಲ್ಲ. ಪಕ್ಕದ ಮನೆಯನ್ನು ಕ್ಷಣಮಾತ್ರ ಮುಟ್ಟಿ ಬಿಡುವುದು, ಒಂದು ಮನೆಯಿಂದ ಬೆರಳು ಎತ್ತುವ ಮೊದಲೇ ಇನ್ನೊಂದನ್ನು ಒತ್ತುವುದು, ಗಾಳಿಯ ಒತ್ತಡವನ್ನು ಏರಿಸಿ ಇಳಿಸುವುದು, ಇಂಥ ಉಪಾಯಗಳಿಂದ ಜಾರಿನ ಭ್ರಮೆಯನ್ನಾದರೂ ಕಿವಿಗೆ ತಂದುಕೊಟ್ಟರು.

ತೊಡಕು ಶುರುವಾದದ್ದು ಹಾಡುವವನೇ ಇಲ್ಲದ ಕಡೆ. ಇವತ್ತು ಸಣ್ಣ ಊರಿನ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್, ಚಿಕ್ಕ ಕೀಬೋರ್ಡ್, ಒಂದು ಜೊತೆ ಹೆಡ್‌ಫೋನ್ ಇದ್ದರೆ ಭಕ್ತಿಗೀತೆಗೋ ಭಾವಗೀತೆಗೋ ರಂಗಗೀತೆಗೋ ಹಿನ್ನೆಲೆ ಸಂಗೀತ ಸಿದ್ಧವಾಗುತ್ತದೆ. ಅದರಲ್ಲಿ ಕೊಳಲೂ ವೀಣೆಯೂ ಪಿಟೀಲೂ ಕಂಪ್ಯೂಟರಿನದೇ. ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಆ ಕೊಳಲಿನ ತುಣುಕನ್ನು ಕೇಳಿ ನೋಡಿ. ಶ್ರುತಿ ಶುದ್ಧ, ತಾಳ ಅಚ್ಚುಕಟ್ಟು, ಆದರೂ ಕೊಳಲು ಹಾರ್ಮೋನಿಯಂ ಆಗಿಬಿಟ್ಟಿರುತ್ತದೆ. ಸ್ವರದಿಂದ ಸ್ವರಕ್ಕೆ ನೆಗೆಯುತ್ತದೆ, ಜಾರುವುದಿಲ್ಲ.

ಇದಕ್ಕೆ ಕಾರಣ ತಂತ್ರಾಂಶದ ಹುಟ್ಟಿನಲ್ಲೇ ಇದೆ. ಎಫ್ಎಲ್ ಸ್ಟುಡಿಯೊ, ಏಬಲ್ಟನ್ ಲೈವ್, ಕ್ಯೂಬೇಸ್, ಲಾಜಿಕ್, ಯಾವುದನ್ನು ತೆರೆದರೂ ಸ್ವರ ಬರೆಯುವ ಪರದೆಯನ್ನು ಸಾಮಾನ್ಯವಾಗಿ ಪಿಯಾನೊ ರೋಲ್ ಎನ್ನುತ್ತಾರೆ. ಎಡಕ್ಕೆ ನಿಲ್ಲಿಸಿದ ಪಿಯಾನೊ ಮನೆಗಳು, ಬಲಕ್ಕೆ ಚೌಕುಳಿ ಗೆರೆಗಳು. ಒಂದು ಸ್ವರವೆಂದರೆ ಆ ಚೌಕುಳಿಯಲ್ಲಿ ಕೂತ ಒಂದು ಪಟ್ಟಿ. ಪಟ್ಟಿ ಮೇಲಿದ್ದರೆ ತಾರ, ಕೆಳಗಿದ್ದರೆ ಮಂದ್ರ, ಉದ್ದವಿದ್ದರೆ ದೀರ್ಘ. ಎರಡು ಪಟ್ಟಿಗಳ ನಡುವೆ ಏನೂ ಇಲ್ಲ. ಇದರ ಬುಡದಲ್ಲಿರುವ ಮಿಡಿ ಎಂಬ ಭಾಷೆ 1983ರದು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮುಂದೆ ನಿಂತು, ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳು ಒಂದರೊಡನೊಂದು ಮಾತಾಡಲೆಂದು ರೂಪಿಸಿದ ಭಾಷೆ. ಕೀಬೋರ್ಡಿಗಾಗಿ ಹುಟ್ಟಿದ್ದರಿಂದ ಅದಕ್ಕೆ ಗೊತ್ತಿರುವುದು ಮುಖ್ಯವಾಗಿ ಎರಡು ಸಂಗತಿ: ಮನೆ ಒತ್ತಿದರು, ಮನೆ ಬಿಟ್ಟರು. ಸ್ವರಗಳಿಗೆ 0ಯಿಂದ 127ರವರೆಗೆ ಒಟ್ಟು 128 ಸಂಖ್ಯೆ. ಅರವತ್ತಕ್ಕೂ ಅರವತ್ತೊಂದಕ್ಕೂ ನಡುವೆ ಅರವತ್ತೂವರೆ ಎಂಬುದು ಅದರ ಲೆಕ್ಕದಲ್ಲಿ ಇಲ್ಲ.

ಹಾಗೆಂದು ಜಾರುವುದಕ್ಕೆ ದಾರಿಯೇ ಇರಿಸಲಿಲ್ಲ ಎಂದಲ್ಲ. 1970ರ ಮಿನಿಮೂಗ್ ಸಿಂಥಸೈಸರಿನ ಎಡತುದಿಯಲ್ಲಿ ಎರಡು ಚಕ್ರಗಳಿದ್ದವು. ಅದರಲ್ಲಿ ಒಂದನ್ನು ಹಿಂದೆ ಮುಂದೆ ತಿರುವಿದರೆ ಒತ್ತಿ ಹಿಡಿದ ಸ್ವರವೇ ಏರಿ ಇಳಿಯುತ್ತಿತ್ತು. ಇವತ್ತಿಗೂ ಬಹುತೇಕ ಕೀಬೋರ್ಡುಗಳ ಎಡಭಾಗದಲ್ಲಿ ಕಾಣುವ ಪಿಚ್ ಬೆಂಡ್ ಚಕ್ರ ಅದರದೇ ಮರಿ. ಮಿಡಿ ಈ ಚಕ್ರಕ್ಕೊಂದು ಪ್ರತ್ಯೇಕ ಸಂದೇಶ ಕೊಟ್ಟಿತು, ಅದೂ ಧಾರಾಳವಾಗಿಯೇ: 16,384 ಮೆಟ್ಟಿಲು. ನಡುಮಧ್ಯ 8192. ಅಲ್ಲಿಂದ ಮೇಲೆ ಹೋದರೆ ಸ್ವರ ಏರುತ್ತದೆ, ಕೆಳಗೆ ಬಂದರೆ ಇಳಿಯುತ್ತದೆ. ಮೆಟ್ಟಿಲು ಇಷ್ಟು ಸಣ್ಣದಾದ್ದರಿಂದ ಕಿವಿಗೆ ಅದು ನುಣುಪಾದ ಜಾರು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರಾಗ ಮೋಹನ, ಶ್ರುತಿ ಬಿಳಿ ಒಂದು. ಗಾಂಧಾರದಿಂದ ಪಂಚಮಕ್ಕೆ ಒಂದು ಏರುಜಾರು ಬೇಕು. ಗಾಂಧಾರದ ಕಂಪನ ಸೆಕೆಂಡಿಗೆ ಸುಮಾರು 330, ಪಂಚಮದ್ದು 392. ನಡುವಿನ ದೂರ ಮೂರು ಸ್ವರಸ್ಥಾನ. ತಂತ್ರಾಂಶದ ಲೆಕ್ಕದಲ್ಲಿ ಒಂದು ಸ್ವರಸ್ಥಾನಕ್ಕೆ 100 ಸೆಂಟ್, ಅಂದರೆ ಒಟ್ಟು 300 ಸೆಂಟ್. ಗಾಂಧಾರದ ಪಟ್ಟಿಯೊಂದನ್ನು ಬರೆದು, ಪಿಚ್ ಬೆಂಡ್ ಗೆರೆಯನ್ನು ಪೂರ್ತಿ ತುದಿಗೆ ಏರಿಸಿ ನುಡಿಸಿದರೆ ಏನು ಕೇಳುತ್ತದೆ? ಪಂಚಮವಂತೂ ಅಲ್ಲ. ಸ್ವರ ಏರುತ್ತ ಹೋಗಿ ಪ್ರತಿಮಧ್ಯಮದಲ್ಲಿ ನಿಂತುಬಿಡುತ್ತದೆ. ಮೋಹನದಲ್ಲಿ ಮಧ್ಯಮವೇ ಇಲ್ಲ! ಬಹುತೇಕ ವಾದ್ಯಗಳಲ್ಲಿ ಬೆಂಡ್‌ನ ಮಿತಿಯನ್ನು ಮೊದಲಿನಿಂದಲೇ ಎರಡು ಸ್ವರಸ್ಥಾನಕ್ಕೆ ಕಟ್ಟಿರುತ್ತಾರೆ. ಪಾಶ್ಚಾತ್ಯ ಕೀಬೋರ್ಡ್ ವಾದಕರಿಗೆ ಅಷ್ಟು ಸಾಕಿತ್ತು. ನಮ್ಮ ಕೆಲಸಕ್ಕೆ ಸಾಲದು.

ಹಾಗಾಗಿ ಮೊದಲ ಕೆಲಸ ಬೆಂಡ್ ರೇಂಜ್ ಎಂಬಲ್ಲಿ 2ನ್ನು ಅಳಿಸಿ 12 ಎಂದು ಬರೆಯುವುದು. ಆಗ ಮೇಲಕ್ಕೊಂದು ಸ್ಥಾಯಿ, ಕೆಳಕ್ಕೊಂದು ಸ್ಥಾಯಿ ಕೈಗೆ ಸಿಗುತ್ತದೆ. ಮೂರು ಸ್ವರಸ್ಥಾನ ಏರಬೇಕಾದರೆ 8192ರ ಹನ್ನೆರಡನೇ ಮೂರು ಭಾಗ, ಅಂದರೆ ನಡುವಿನಿಂದ 2048 ಮೆಟ್ಟಿಲು ಮೇಲಕ್ಕೆ. ಇದನ್ನು ತಂತ್ರಾಂಶದಲ್ಲೂ ವಾದ್ಯದಲ್ಲೂ, ಎರಡು ಕಡೆಯಲ್ಲೂ ಒಂದೇ ಇಡಬೇಕು. ಗೆರೆ ಎಳೆದದ್ದು 12ರ ಲೆಕ್ಕದಲ್ಲಿ, ವಾದ್ಯ ಓದುತ್ತಿರುವುದು 2ರ ಲೆಕ್ಕದಲ್ಲಿ ಎಂದಾದರೆ ಪಂಚಮ ಮುಟ್ಟಬೇಕಾದ ಜಾರು ಬರೀ 50 ಸೆಂಟಿಗೆ, ಗಾಂಧಾರ ಮಧ್ಯಮಗಳ ನಡುವಿನ ಯಾವ ಮನೆಯೂ ಅಲ್ಲದ ಜಾಗಕ್ಕೆ ಬಂದು ನಿಲ್ಲುತ್ತದೆ. ಹೊಸಬರು ವಾದ್ಯವೇ ಕೆಟ್ಟಿದೆ ಎಂದುಕೊಳ್ಳುವುದು ಇಂಥ ಹೊತ್ತಿನಲ್ಲಿ. ಇನ್ನೊಂದು, ಜಾರು ಮುಗಿದ ಮೇಲೆ ಗೆರೆಯನ್ನು ನಡುಮಧ್ಯಕ್ಕೆ ವಾಪಸು ತರಲೇಬೇಕು. ಮರೆತರೆ ಮುಂದಿನ ಸ್ವರಗಳೆಲ್ಲ ಮೂರು ಸ್ಥಾನ ಮೇಲೇ ನುಡಿಯುತ್ತವೆ. ಷಡ್ಜ ಬರೆದಲ್ಲಿ ಸಾಧಾರಣ ಗಾಂಧಾರ ಕೇಳಿಸುತ್ತದೆ.

ಗೆರೆ ಎಳೆಯುವ ಈ ರಗಳೆ ಬೇಡ ಎನ್ನುವವರಿಗೆ ಬೆಲ್ಜಿಯಂನಲ್ಲಿ ಹುಟ್ಟಿದ ಎಫ್ಎಲ್ ಸ್ಟುಡಿಯೊ ಬೇರೊಂದು ದಾರಿ ಮಾಡಿಕೊಟ್ಟಿದೆ. ಅದರ ಪಿಯಾನೊ ರೋಲ್‌ನ ಮೇಲ್ಭಾಗದಲ್ಲಿ ಚಿಕ್ಕ ತ್ರಿಕೋನದ ಗುರುತಿದೆ. ಅದನ್ನು ಒತ್ತಿ ಬರೆದ ಪಟ್ಟಿಯೇ ಸ್ಲೈಡ್ ನೋಟ್. ಅದಕ್ಕೆ ಸ್ವಂತ ದನಿಯಿಲ್ಲ. ಅದು ಶುರುವಾದ ಕ್ಷಣದಲ್ಲಿ ಅದೇ ಬಣ್ಣದ ಯಾವ ಸ್ವರ ನುಡಿಯುತ್ತಿರುತ್ತದೋ ಅದನ್ನು ತನ್ನ ಎತ್ತರಕ್ಕೆ ಎಳೆದುಕೊಳ್ಳುತ್ತದೆ. ಸ್ಲೈಡ್ ನೋಟ್ ಎಷ್ಟು ಉದ್ದವೋ ಜಾರಲು ಅಷ್ಟು ಹೊತ್ತು. ಗಾಂಧಾರದ ಉದ್ದ ಪಟ್ಟಿಯ ನಡುವೆ, ಪಂಚಮದ ಎತ್ತರದಲ್ಲಿ ತ್ರಿಕೋನದ ಗುರುತಿನ ಸಣ್ಣ ಪಟ್ಟಿಯೊಂದನ್ನು ಕೂರಿಸಿದರೆ ಕೆಲಸ ಮುಗಿಯಿತು. ಲೆಕ್ಕವಿಲ್ಲ, ವಾಪಸು ತರುವ ಚಿಂತೆಯೂ ಇಲ್ಲ. ಆದರೆ ಈ ಸೌಕರ್ಯ ಎಫ್ಎಲ್‌ನ ಸ್ವಂತ ವಾದ್ಯಗಳಿಗೆ ಮಾತ್ರ. ಹೊರಗಿನಿಂದ ತಂದು ಜೋಡಿಸಿದ ವಾದ್ಯ ಈ ಪಟ್ಟಿಯ ಮಾತು ಕೇಳುವುದಿಲ್ಲ. ಕೊಳಲಿನ ಪ್ಲಗ್‌ಇನ್ ತಂದು ಹಾಕಿ, ಸ್ಲೈಡ್ ಏಕೆ ಕೆಲಸ ಮಾಡುತ್ತಿಲ್ಲ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರ ಸಮಸ್ಯೆ ಬಹುಪಾಲು ಇದೇ. ದುಡ್ಡು ಕೊಡದೆ ಸಿಗುವ ಎಲ್ಎಮ್ಎಮ್ಎಸ್ ಎಂಬ ತಂತ್ರಾಂಶದಲ್ಲೂ ಪ್ರತಿ ಸ್ವರದ ಮೇಲೆ ಜಾರಿನ ಗೆರೆ ಬರೆಯುವ ಏರ್ಪಾಡಿದೆ. ಕಲಿಯುವವರು ಅಲ್ಲಿಂದಲೇ ಶುರು ಮಾಡಬಹುದು.

ಮೂರನೆಯ ದಾರಿ ಪೋರ್ಟಮೆಂಟೊ. ಹೆಚ್ಚಿನ ಸಿಂಥ್‌ಗಳಲ್ಲಿ ಗ್ಲೈಡ್ ಎಂಬ ತಿರುಪು ಇದೇ. ಇದನ್ನು ತಿರುವಿಟ್ಟರೆ ಯಾವ ಸ್ವರದಿಂದ ಯಾವ ಸ್ವರಕ್ಕೆ ಹೋದರೂ ವಾದ್ಯ ತಾನಾಗಿ ಜಾರುತ್ತದೆ. ಸುಲಭ, ಆದ್ದರಿಂದಲೇ ಅಪಾಯ. ಎಲ್ಲ ಸ್ವರವೂ ಜಾರತೊಡಗಿದರೆ ಯಾವುದೂ ನಿಂತಂತೆ ಕೇಳುವುದಿಲ್ಲ. ಸಮಯದ ಲೆಕ್ಕವೂ ಒಂದಿದೆ. ಕೆಲವು ವಾದ್ಯಗಳು ಹತ್ತಿರದ ರಿಷಭಕ್ಕೂ ದೂರದ ತಾರಷಡ್ಜಕ್ಕೂ ಒಂದೇ ಸಮಯ ತೆಗೆದುಕೊಳ್ಳುತ್ತವೆ, ಇನ್ನು ಕೆಲವು ದೂರ ಹೆಚ್ಚಾದಂತೆ ಸಮಯವನ್ನೂ ಹೆಚ್ಚಿಸುತ್ತವೆ. ಇದಕ್ಕೊಂದು ಒಳ್ಳೆಯ ಕಡಿವಾಣವೆಂದರೆ ಲೆಗಾಟೊ ಆಯ್ಕೆ. ಅದನ್ನು ಹಾಕಿದರೆ, ಹಿಂದಿನ ಪಟ್ಟಿಯ ಬಾಲ ಮುಂದಿನ ಪಟ್ಟಿಯ ತಲೆಯ ಮೇಲೆ ಬಿದ್ದಲ್ಲಿ ಮಾತ್ರ ಜಾರು, ನಡುವೆ ಸಂದು ಬಿಟ್ಟಲ್ಲಿ ಇಲ್ಲ. ಎಲ್ಲಿ ಜಾರಬೇಕು, ಎಲ್ಲಿ ಬೇಡ ಎಂಬ ತೀರ್ಮಾನ ಆಗ ಬರೆಯುವವರ ಕೈಗೆ ಬರುತ್ತದೆ.

ತಂತ್ರ ಇಷ್ಟೇ. ಕಷ್ಟವಿರುವುದು ಇದರ ಆಚೆಗೆ, ಕಿವಿಯಲ್ಲಿ.

ವೀಣೆಯ ಒಂದು ಜಾರನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ವೈಣಿಕರು ಗಾಂಧಾರದಲ್ಲಿ ಒಂದೇ ಒಂದು ಮೀಟು ಹಾಕುತ್ತಾರೆ. ಆ ಮೀಟಿನ ನಾದ ಇನ್ನೂ ಇರುವಾಗಲೇ ಎಡಗೈ ಬೆರಳು ತಂತಿಯ ಮೇಲೆ ಸರಿದು ಪಂಚಮ ಸೇರುತ್ತದೆ. ಪಂಚಮಕ್ಕೆ ಹೊಸ ಮೀಟಿಲ್ಲ. ಆದ್ದರಿಂದ ಪಂಚಮದ ದನಿ ಗಾಂಧಾರಕ್ಕಿಂತ ಸಣ್ಣದು, ಮೆತ್ತನೆಯದು. ಕಂಪ್ಯೂಟರಿನಲ್ಲಿ ಎರಡು ಪಟ್ಟಿ ಬರೆದರೆ ಎರಡು ಮೀಟು ಕೇಳುತ್ತದೆ, ಅಲ್ಲಿಗೆ ವೀಣೆ ಹೋಯಿತು. ವೀಣೆಯಲ್ಲೇ ಮೆಟ್ಟಿಲುಗಳ ಮೇಲೆ ಬೆರಳು ಸರಿಸುವ ಜಾರು ಬೇರೆ, ಒಂದೇ ಮೆಟ್ಟಿಲಿನಲ್ಲಿ ತಂತಿಯನ್ನು ಪಕ್ಕಕ್ಕೆಳೆದು ಮೇಲಿನ ಸ್ವರ ತರುವುದು ಬೇರೆ. ಮೊದಲನೆಯದರಲ್ಲಿ ನಡುವಿನ ಮೆಟ್ಟಿಲುಗಳ ಸಣ್ಣ ಸಣ್ಣ ತಡೆ ಕಿವಿಗೆ ಸಿಗುತ್ತದೆ. ಎರಡನೆಯದು ಅಖಂಡ. ಪಿಟೀಲಿನ ಜಾರು ಮತ್ತೂ ಬೇರೆ, ಅಲ್ಲಿ ಮೆಟ್ಟಿಲೇ ಇಲ್ಲ, ಕಮಾನು ನಾದವನ್ನು ಉದ್ದಕ್ಕೂ ಪೋಷಿಸುತ್ತಿರುತ್ತದೆ. ಯಾವ ವಾದ್ಯದ ದನಿ ಆರಿಸಿಕೊಂಡಿದ್ದೇವೋ ಅದರ ಕೈ ಹೇಗೆ ಚಲಿಸುತ್ತದೆ ಎಂದು ತಿಳಿಯದೆ ಎಳೆದ ಗೆರೆ ಬರೀ ಗೆರೆ.

ಇನ್ನು ಗೆರೆಯ ಆಕಾರ. ಅಡಿಕೋಲಿಟ್ಟು ಎಳೆದಂಥ ನೇರ ಗೆರೆ ಯಂತ್ರದ್ದು. ಗಾಯಕರ ಗಂಟಲು ಹಾಗೆ ಚಲಿಸುವುದಿಲ್ಲ. ಹೊರಡುವಾಗ ಸ್ವಲ್ಪ ತಡೆ, ನಡುವೆ ಬಿರುಸು, ಸೇರುವಾಗ ಮತ್ತೆ ನಿಧಾನ. ಎಷ್ಟೋ ಸಲ ಗುರಿಯನ್ನು ಒಂದು ಕೂದಲೆಳೆಯಷ್ಟು ಮೀರಿ ಹೋಗಿ ಹಿಂದಕ್ಕೆ ಬಂದು ಕೂರುತ್ತದೆ. ಒಂದು ಅಕ್ಷರಕಾಲ ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, ಗಾಂಧಾರವನ್ನು ಅರ್ಧ ಸೆಕೆಂಡಿಗೂ ಹೆಚ್ಚು ಹೊತ್ತು ನಿಲ್ಲಿಸಿ, ಸೆಕೆಂಡಿನ ಏಳನೆಯ ಒಂದು ಭಾಗದಲ್ಲಿ ಜಾರಿಸಿ, ಉಳಿದ ಹೊತ್ತು ಪಂಚಮದಲ್ಲಿ ಬಿಟ್ಟು ನೋಡಿ. ಆಮೇಲೆ ಅದೇ ಜಾರನ್ನು ಅಕ್ಷರಕಾಲದುದ್ದಕ್ಕೂ ಎಳೆದು ನೋಡಿ. ಸ್ವರಗಳು ಅವೇ, ಆದರೆ ಎರಡನೆಯದರಲ್ಲಿ ಮೋಹನದ ಲವಲವಿಕೆ ಪೂರಾ ಮಾಯ. ಜಾರುವಾಗ ದನಿಯ ಗಾತ್ರವನ್ನೂ ಚೂರು ತಗ್ಗಿಸಿ, ಸೇರಿದ ಮೇಲೆ ಏರಿಸಿದರೆ ಉಸಿರು ಸೇರಿಕೊಂಡಂತಾಗುತ್ತದೆ. ಮಿಡಿಯಲ್ಲಿ ಎಕ್ಸ್‌ಪ್ರೆಷನ್ ಎಂಬ 11ನೇ ನಂಬರಿನ ಕಂಟ್ರೋಲರ್ ಇರುವುದು ಇದಕ್ಕೇ.

ಧ್ವನಿಮುದ್ರಿಸಿದ ಮಾದರಿಗಳಿಂದ ಕಟ್ಟಿದ ವಾದ್ಯಗಳಿಗೆ ಇನ್ನೊಂದು ಮಿತಿಯಿದೆ. ಅಲ್ಲಿ ಗಾಂಧಾರದ ಧ್ವನಿಮುದ್ರಣವನ್ನೇ ವೇಗವಾಗಿ ಓಡಿಸಿ ಪಂಚಮ ಮಾಡುತ್ತಾರೆ. ಮೂರು ಸ್ವರಸ್ಥಾನ ಏರಿಸಿದರೆ ಓಟ ಶೇ. 19ರಷ್ಟು ಹೆಚ್ಚುತ್ತದೆ. ಮೂಲದಲ್ಲಿದ್ದ ಕಂಪನವೂ ಅಷ್ಟೇ ವೇಗವಾಗುತ್ತದೆ, ಪಿಟೀಲಿನ ಒಡಲಿನ ನಾದವೂ ಸಣ್ಣಗಾಗಿ, ದೊಡ್ಡ ಪಿಟೀಲು ಆಟಿಕೆ ಪಿಟೀಲಾಗುತ್ತದೆ. ಒಂದೆರಡು ಸ್ವರಸ್ಥಾನದವರೆಗೆ ಕಿವಿ ಕ್ಷಮಿಸುತ್ತದೆ. ಅದಕ್ಕಿಂತ ಉದ್ದದ ಜಾರು ಬೇಕಾದರೆ ನಿಜವಾದ ಜಾರುಗಳನ್ನೇ ಮುದ್ರಿಸಿಟ್ಟ ವಾದ್ಯವನ್ನೋ, ತಂತಿ ಮತ್ತು ಗಾಳಿಯ ಚಲನೆಯನ್ನು ಗಣಿತದಿಂದ ಕಟ್ಟುವ ವಾದ್ಯವನ್ನೋ ಹುಡುಕಬೇಕು.

ಜಾರಿನಷ್ಟೇ ಕಾಡುವುದು ಕಂಪಿತ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ, ರಿಷಭ ಮಧ್ಯಮಗಳ ಕಡೆಗೆ ತೂಗುತ್ತಲೇ ತನ್ನತನ ತೋರಿಸುತ್ತದೆ. ಹಿಂದೂಸ್ತಾನಿಯ ದರ್ಬಾರಿ ಕಾನಡದ ಕೋಮಲ ಗಾಂಧಾರವೂ ಆಂದೋಲನವಿಲ್ಲದೆ ದರ್ಬಾರಿಯದಲ್ಲ. ಇದನ್ನು ಕಂಪ್ಯೂಟರಿನ ವೈಬ್ರಾಟೊ ಗುಂಡಿಯಿಂದ ತರಲು ಹೋಗುವುದು ಸಾಮಾನ್ಯವಾದ ತಪ್ಪು. ವೈಬ್ರಾಟೊ ಒಂದೇ ಅಳತೆಯಲ್ಲಿ, ಒಂದೇ ವೇಗದಲ್ಲಿ, ಸ್ವರದ ಎರಡೂ ಬದಿಗೆ ಸಮಸಮವಾಗಿ ನಡುಗುತ್ತದೆ. ಕಂಪಿತದ ಒಂದು ತೂಗು ಇನ್ನೊಂದರಂತಿಲ್ಲ. ಮೊದಲನೆಯದು ಅಗಲ, ಎರಡನೆಯದು ಕಿರಿದು, ಮೂರನೆಯದು ಮುಂದಿನ ಸ್ವರಕ್ಕೆ ದಾರಿ ಮಾಡಿಕೊಡುವಂಥದು. ಕೈಯಾರೆ ಬರೆಯದೆ ಬೇರೆ ದಾರಿಯಿಲ್ಲ.

ಹಾಡಿದ್ದನ್ನು ತಿದ್ದುವ ತಂತ್ರಾಂಶವೂ ಇದೇ ಜಾಗದಲ್ಲಿ ಎಡವುತ್ತದೆ. ತೈಲ ಹುಡುಕಲು ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುತ್ತಿದ್ದ ಆ್ಯಂಡಿ ಹಿಲ್ಡೆಬ್ರ್ಯಾಂಡ್ ಎಂಬ ಎಂಜಿನಿಯರ್ ಅದೇ ವಿದ್ಯೆಯನ್ನು ಗಾಯನಕ್ಕೆ ತಿರುಗಿಸಿ 1997ರಲ್ಲಿ ಆಟೊ-ಟ್ಯೂನ್ ಹೊರತಂದರು. ಶ್ರುತಿ ತಪ್ಪಿದ ಸ್ವರವನ್ನು ಅದು ಹತ್ತಿರದ ಮನೆಗೆ ತಳ್ಳುತ್ತದೆ. ರಿಟ್ಯೂನ್ ವೇಗವನ್ನು ಬಿರುಸಾಗಿಟ್ಟರೆ ಅದರ ಕಣ್ಣಿಗೆ ಗಮಕವೂ ತಪ್ಪೇ. ಜಾರನ್ನು ಮೆಟ್ಟಿಲು ಮಾಡುತ್ತದೆ, ಕಂಪಿತವನ್ನು ಕೊಯ್ದು ಹಲಗೆ ಮಾಡುತ್ತದೆ. ರಂಗಗೀತೆ ಹಾಡಿದವರ ದನಿಯನ್ನು ಹೀಗೆ ಇಸ್ತ್ರಿ ಹೊಡೆದು ಕೇಳಿಸುವುದು ನಿಜಕ್ಕೂ ಸಂಕಟದ ಸಂಗತಿ. ಆ ದನಿಯಲ್ಲಿ ಇದ್ದದ್ದೇ ಗಮಕ, ಅದನ್ನೇ ತೆಗೆದುಹಾಕಿದ ಹಾಗಾಯಿತು. ಜರ್ಮನಿಯ ಮೆಲೊಡೈನ್ ಇಲ್ಲಿ ಸ್ವಲ್ಪ ಸೌಮ್ಯ. ಸ್ವರದ ನೆಲೆಯನ್ನು ಸರಿಸಿಯೂ ಅದರೊಳಗಿನ ಏರಿಳಿತವನ್ನು ಹಾಗೇ ಉಳಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ.

ಯಂತ್ರದಿಂದ ಜಾರು ಹೊರಡಿಸುವ ಯತ್ನ ಭಾರತದಲ್ಲಿ ಹೊಸತೇನಲ್ಲ. ರೋಲ್ಯಾಂಡ್ ಕಂಪನಿ ಬಾಸ್ ಗಿಟಾರಿಗೆ ಬದಲಿಯಾಗಲೆಂದು ಟಿಬಿ-303 ಎಂಬ ಪುಟ್ಟ ಪೆಟ್ಟಿಗೆ ಮಾಡಿತ್ತು. ಅದರಲ್ಲಿ ಯಾವ ಸ್ವರಕ್ಕೆ ಬೇಕೋ ಅದಕ್ಕೆ ಸ್ಲೈಡ್ ಎಂದು ಗುರುತು ಹಾಕಬಹುದಿತ್ತು. ಬಾಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ, ಮಾರುಕಟ್ಟೆಯಲ್ಲಿ ಸೋತಿತು. ಆದರೆ ಬೊಂಬಾಯಿಯ ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಆ ಪೆಟ್ಟಿಗೆಯನ್ನೂ, ರೋಲ್ಯಾಂಡ್‌ನದೇ ಜ್ಯೂಪಿಟರ್-8 ಸಿಂಥಸೈಸರನ್ನೂ ಇಟ್ಟುಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ತಂದರು. ಭೈರವ್, ಯಮನ್, ಮಾಲ್‌ಕೌಂಸ್‌ಗಳ ಜಾರುಗಳು ಅದರಲ್ಲಿ ವಿದ್ಯುತ್ತಿನಿಂದ ಬಂದವು. ಆಗ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತು ಬೆರಗಾಯಿತು, ಏಕೆಂದರೆ ಅದೇ ಪೆಟ್ಟಿಗೆಯ ಅದೇ ಜಾರುವ ದನಿಯಿಂದ ಷಿಕಾಗೊದಲ್ಲಿ ಆಸಿಡ್ ಹೌಸ್ ಎಂಬ ನೃತ್ಯಸಂಗೀತ ಹುಟ್ಟಿದ್ದು ಆ ರೆಕಾರ್ಡಿನ ಕೆಲವು ವರ್ಷಗಳ ನಂತರ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಪರದೇಶದ ವಾದ್ಯವನ್ನು ಗಮಕಕ್ಕೆ ಬಗ್ಗಿಸಿದ ದೊಡ್ಡ ಮಾದರಿ ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಈ ನಾಗಸ್ವರ ಮನೆತನದ ಕಲಾವಿದ, ಗುಂಡಿಗಳಿಂದ ಸ್ವರಗಳನ್ನು ಬೇರೆ ಬೇರೆ ಮಾಡಿಟ್ಟ ಆ ಲೋಹದ ವಾದ್ಯದಲ್ಲಿ ತುಟಿ, ಉಸಿರು, ಬೆರಳುಗಳ ಹೊಂದಾಣಿಕೆಯಿಂದ ಕರ್ನಾಟಕ ಸಂಗೀತವನ್ನು ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವಕ್ಕೂ ಅದನ್ನು ಕೊಂಡೊಯ್ದರು. ವಾದ್ಯ ಒಲ್ಲೆನೆಂದರೂ ಕಲಾವಿದ ಬಿಡಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಕೂತವರಿಗೂ ಬೇಕಾದ ಹಟ ಅಂಥದ್ದೇ.

ಜಾರನ್ನು ಗೆರೆಯಲ್ಲಿ ಬರೆಯುವುದಂತೂ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚು ಮಾಡಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಏರುಜಾರಿಗೆ ಮೇಲ್ಮುಖವಾದ ಓರೆಗೆರೆ, ಇಳಿಜಾರಿಗೆ ಕೆಳಮುಖವಾದ ಓರೆಗೆರೆ, ಕಂಪಿತಕ್ಕೆ ಅಲೆಯಂಥ ಗುರುತು ಇವೆ. ಇವತ್ತಿನ ಪಿಚ್ ಬೆಂಡ್ ಪರದೆಯಲ್ಲಿ ಮೌಸ್‌ನಿಂದ ಎಳೆಯುವ ಗೆರೆಗಳೂ ಹೆಚ್ಚುಕಡಿಮೆ ಅವೇ. ದೀಕ್ಷಿತರ ಓದುಗರಿಗೆ ಗೆರೆಯ ಹಿಂದಿನ ಹಾಡು ಗೊತ್ತಿತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅಂತರ ಅಷ್ಟೇ.

ಈಗ ತಂತ್ರಜ್ಞಾನವೂ ನಮ್ಮ ಕಡೆಗೆ ಒಂದಷ್ಟು ಹೆಜ್ಜೆ ಇಟ್ಟಿದೆ. ಹಳೆಯ ಮಿಡಿಯಲ್ಲಿ ಬೆಂಡ್ ಚಕ್ರ ತಿರುವಿದರೆ ಅದರ ಸಂದೇಶ ಹೋಗುವ ಚಾನೆಲ್ಲಿನ ಎಲ್ಲ ಸ್ವರಗಳೂ ಒಟ್ಟಿಗೆ ಜಾರುತ್ತಿದ್ದವು. ಮೇಲೆ ರಾಗ ಜಾರುವಾಗ ಕೆಳಗೆ ಷಡ್ಜ ಸ್ಥಿರವಾಗಿರಲಿ ಎಂದರೆ ಎರಡು ಚಾನೆಲ್ ಬೇಕಾಗಿತ್ತು. 2018ರಲ್ಲಿ ಅಂಗೀಕಾರವಾದ ಎಂಪಿಇ ಪದ್ಧತಿಯಲ್ಲಿ ಪ್ರತಿ ಸ್ವರಕ್ಕೂ ಅದರದೇ ಚಾನೆಲ್, ಹಾಗಾಗಿ ಅದರದೇ ಜಾರು. 2020ರ ಮಿಡಿ 2.0 ಇದನ್ನು ಭಾಷೆಯೊಳಗೇ ಸೇರಿಸಿಕೊಂಡಿತು. ಏಬಲ್ಟನ್ ಲೈವ್ 2021ರ ತನ್ನ 11ನೇ ಆವೃತ್ತಿಯಲ್ಲಿ ಪ್ರತಿ ಸ್ವರದ ಮೇಲೂ ಪ್ರತ್ಯೇಕ ಗೆರೆ ಬರೆಯುವ ಅನುಕೂಲ ತಂದಿತು. ಮನೆಗಳೇ ಇಲ್ಲದ, ಬೆರಳು ಸರಿದಂತೆ ಸ್ವರ ಸರಿಯುವ ಹಾಕನ್ ಕಂಟಿನ್ಯುಅಮ್ ಎಂಬ ಹಲಗೆಯನ್ನು ಎ. ಆರ್. ರೆಹಮಾನ್ ವೇದಿಕೆಯ ಮೇಲೇ ನುಡಿಸಿದ್ದಾರೆ. ಐಪ್ಯಾಡಿನ ಜಿಯೊಶ್ರೆಡ್ ಎಂಬ ಆ್ಯಪ್‌ನಲ್ಲಿ ಮಹೇಶ್ ರಾಘವನ್ ಕರ್ನಾಟಕ ಸಂಗೀತವನ್ನು ಗಾಜಿನ ಮೇಲೆ ಬೆರಳು ಜಾರಿಸಿಯೇ ನುಡಿಸುತ್ತಾರೆ. ಅವರ ವಿಡಿಯೊ ನೋಡಿದರೆ ಬೆರಳಿನ ಚಲನೆ ವೈಣಿಕರದೋ ಎನ್ನಿಸುತ್ತದೆ.

ಇವೆಲ್ಲ ಎಲ್ಲರ ಕೈಗೆ ಎಟುಕುವಂಥವಲ್ಲ. ಎಟುಕುವ ಒಂದು ಅಭ್ಯಾಸವಿದೆ, ಅದಕ್ಕೆ ಖರ್ಚೂ ಇಲ್ಲ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಟೋನಿ, ಸೋನಿಕ್ ವಿಷುವಲೈಸರ್ ಎಂಬ ಉಚಿತ ತಂತ್ರಾಂಶಗಳು ಒಂಟಿ ದನಿಯ ಧ್ವನಿಮುದ್ರಣವನ್ನು ಕೊಟ್ಟರೆ ಅದರ ಏರಿಳಿತವನ್ನು ಗೆರೆಯಾಗಿ ತೋರಿಸುತ್ತವೆ. ಊರಿನ ನಾಟಕದಲ್ಲಿ ಚೆನ್ನಾಗಿ ಕಂದ ಹಾಡುವವರನ್ನು ಕೂರಿಸಿಕೊಂಡು, ಫ್ಯಾನ್ ಆರಿಸಿ, ತಂಬೂರಿಯನ್ನು ಅವರ ಕಿವಿಗಷ್ಟೇ ಹೆಡ್‌ಫೋನಿನಲ್ಲಿ ಕೊಟ್ಟು, ಮೊಬೈಲಿನಲ್ಲಿ ಎರಡು ಸಾಲು ಮುದ್ರಿಸಿಕೊಂಡರೆ ಸಾಕು. ಪರದೆಯ ಮೇಲೆ ಆ ಗೆರೆ ಮೂಡಿದಾಗ, ಇಷ್ಟು ದಿನ ಸ್ವರವೆಂದುಕೊಂಡ ಜಾಗಗಳಲ್ಲಿ ದನಿ ನಿಂತ ಹೊತ್ತು ಎಷ್ಟು ಕಡಿಮೆ, ದಾರಿಯಲ್ಲಿ ಕಳೆದ ಹೊತ್ತು ಎಷ್ಟು ಹೆಚ್ಚು ಎಂಬುದು ಕಣ್ಣಿಗೇ ಕಾಣುತ್ತದೆ. ಆ ಗೆರೆಯನ್ನು ಪಕ್ಕದಲ್ಲಿಟ್ಟುಕೊಂಡು ಕೊಳಲಿನ ಜಾರು ಬರೆದವರ ಕೆಲಸ ಮೊದಲ ಸಲವೇ ಬೇರೆಯಾಗಿ ಕೇಳಿಸುತ್ತದೆ. ಕಲಿಯುವವರು ವಾದ್ಯದ ದನಿ ಕೊಳ್ಳಲು ದುಡ್ಡು ಸುರಿಯುವ ಮೊದಲು ಇದನ್ನೊಮ್ಮೆ ಮಾಡಲೇಬೇಕು.

ಜಾರುವುದು ರಾಗದ ವಾದ್ಯಗಳ ಸೊತ್ತು ಮಾತ್ರವೂ ಅಲ್ಲ. ತುಮಕೂರು, ಚಿತ್ರದುರ್ಗದ ಕಡೆ ಗ್ರಾಮದೇವತೆಗಳ ಉತ್ಸವದಲ್ಲಿ ನುಡಿಯುವ ಉರುಮೆಯ ಒಂದು ಬದಿಗೆ ಏಟು, ಇನ್ನೊಂದು ಬದಿಗೆ ಬಾಗಿದ ಕೋಲಿನ ಉಜ್ಜು. ಕೋಲು ಚರ್ಮದ ಮೇಲೆ ಒತ್ತಿ ಸರಿದಾಗ ಹೊರಡುವ ಹೂಂಕಾರ ಕೆಳಗಿನಿಂದ ಮೇಲಕ್ಕೆ ಜಾರುತ್ತದೆ. ತಬಲದ ಡಗ್ಗದ ಮೇಲೆ ಅಂಗೈ ಒತ್ತಿ ಸರಿಸಿದರೂ ಅಂಥದ್ದೇ ದನಿ. ಊರಹಬ್ಬದ ಹಾಡಿಗೆ ಸಂಗೀತ ಮಾಡುವವರು ಇದನ್ನೂ ಕಂಪ್ಯೂಟರಿಗೆ ತರಬಹುದು, ಆದರೆ ಒಂದೇ ಉಜ್ಜನ್ನು ಮುದ್ರಿಸಿ ಬೆಂಡ್ ಚಕ್ರದಿಂದ ಬೇರೆ ಬೇರೆ ಎತ್ತರಕ್ಕೆ ಎಳೆದರೆ ಚರ್ಮದ ಕರಕರ ದನಿಯೂ ಜೊತೆಗೆ ಏರಿ ಸುಳ್ಳು ಹೊರಬೀಳುತ್ತದೆ. ಉರುಮೆಯವರನ್ನೇ ಕರೆದು, ಅವರ ಕೈಯಿಂದ ಗಿಡ್ಡ ಉಜ್ಜು, ಉದ್ದ ಉಜ್ಜು, ನಡುವೆ ತಡೆದ ಉಜ್ಜು, ಒತ್ತಡ ಬದಲಿಸಿದ ಉಜ್ಜು ಎಂದು ಹತ್ತಿಪ್ಪತ್ತು ಬಗೆ ಮುದ್ರಿಸಿಕೊಂಡು, ಒಂದೊಂದನ್ನು ಒಂದೊಂದು ಮನೆಗೆ ಕೂರಿಸುವುದು ಒಳ್ಳೆಯದು. ಬೆಂಡನ್ನು ಅರ್ಧ ಸ್ವರಸ್ಥಾನದೊಳಗೆ ಇಟ್ಟುಕೊಂಡು, ಹಾಡಿನ ಶ್ರುತಿಗೆ ಹೊಂದಿಸಲು ಮಾತ್ರ ಬಳಸಬೇಕು. ಮುದ್ರಿಸುವಾಗ ಮೈಕನ್ನು ಉಜ್ಜುವ ಬದಿಗೆ ಒಂದು ಮೊಳ ದೂರದಲ್ಲಿ ಇಡಬೇಕು, ಏಟಿನ ಬದಿಗೆ ಇನ್ನೊಂದು ಮೈಕ್ ಬೇಕು. ನುಡಿಸಿದವರಿಗೆ ಅವರ ಸಂಭಾವನೆ ಸಲ್ಲಬೇಕು, ಹಾಡಿನ ವಿವರದಲ್ಲಿ ಅವರ ಹೆಸರೂ ಬರಬೇಕು.